ಕಿಟಕಿಯಲ್ಲಿದ್ದ ಹಿರಿಮಗ

ಚಿಕ್ಕಮ್ಮ ಕಿಟಕಿಯಲ್ಲಿದ್ದ ಸೀಸೆಯನ್ನು ಮತ್ತೊಮ್ಮೆ ನಲ್ಲಿಯ ಕೆಳಗೆ ಹಿಡಿದು ಕುಲುಕುತ್ತಿದ್ದಾಗ ಅಕ್ಕನ ಮಗಳು ಅಡುಗೆಮನೆಗೆ ಬಂದಳು. ಸಿಂಕಿನಲ್ಲಿ ಗುಲಾಬಿ ಬಣ್ಣದ ಕೊನೆಯ ನೀರು ಗಿರಕಿ ಹೊಡೆದು ಇಳಿದುಹೋಯಿತು.

"ಎಷ್ಟು ವರ್ಷದ ಕೊಳೆ ನೀರೋ ಏನೋ," ಎಂದಳು ಚಿಕ್ಕಮ್ಮ. "ಜನ ಬರೋ ಹೊತ್ತು. ತೊಳೆದುಬಿಟ್ಟೆ."

ದುಃಖವಾದರೆ ಚಿಕ್ಕಮ್ಮನ ಕೈ ಸುಮ್ಮನಿರುವುದಿಲ್ಲ. ಬೆಳಗಿನಿಂದ ಪಾತ್ರೆ, ಪರದೆ, ಬಾಗಿಲ ಚಿಲಕಕ್ಕೂ ಸ್ನಾನವಾಗಿತ್ತು. ಮುಂದಿನ ಕೋಣೆಯಲ್ಲಿ ಅವಳ ಅಕ್ಕನ ದೇಹವಿತ್ತು. ಮಧ್ಯಾಹ್ನ ವ್ಯಾನು ಬರಬೇಕಿತ್ತು.

ಮಗಳು ಗೋಡೆಗೆ ಒರಗಿದಳು. ಅದು ಕೊಳೆಯಲ್ಲ, ಜೀವಗಳು ಎಂದು ಮೆಲ್ಲಗೆ ಹೇಳಿದಳು. ಕಣ್ಣಿಗೆ ಕಾಣದಷ್ಟು ಸಣ್ಣವು. ಮೀನೂ ಬದುಕದ ಕಡು ಉಪ್ಪುನೀರಿನಲ್ಲಿ ಹಾಯಾಗಿರುವಂಥವು, ಸಿಹಿನೀರು ಸೋಕಿದರೆ ಒಡೆದು ಸಾಯುವಂಥವು.

"ಆಸ್ಪತ್ರೆಗೆ ಹೋಗುವಾಗ ಅಮ್ಮ ನನ್ನ ಕೈಗೆ ಒಪ್ಪಿಸಿದ್ದು ಇದೊಂದೇ, ಚಿಕ್ಕಮ್ಮ."

ಚಿಕ್ಕಮ್ಮ ನಲ್ಲಿ ನಿಲ್ಲಿಸಿದಳು. ಸೀಸೆಯೊಳಗೆ ಇಣುಕಿ ನೋಡಿದಳು.

* * *

ಅಮ್ಮ ಉಪ್ಪಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಒಂದು ಬೇಸಿಗೆ ಉಪ್ಪಿನ ಗದ್ದೆಯ ನೀರು ಆ ಜೀವಗಳಿಂದ ಕೆಂಪಗಾದಾಗ ಸೀಸೆ ತುಂಬಿ ತಂದು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಳು. ಮಗಳು ಹುಟ್ಟಿದ್ದು ಆಮೇಲೆ. ಹಾಗಾಗಿ ಸೀಸೆಗೆ ಹಿರಿಮಗನ ಪಟ್ಟ. ನಿನ್ನಣ್ಣನನ್ನು ನೋಡಿ ಕಲಿ, ಊಟಕ್ಕೆ ತಕರಾರಿಲ್ಲ, ಹೋಮ್‌ವರ್ಕಿಗೆ ಅಳುವುದಿಲ್ಲ ಎಂದು ಮಗಳನ್ನು ರೇಗಿಸುತ್ತಿದ್ದಳು.

ಒಮ್ಮೆ ಮನೆಮಂದಿಯೆಲ್ಲ ರಜೆ ಮುಗಿಸಿ ಬಂದಾಗ ಸೀಸೆಯ ನೀರು ಆರಿ, ತಳದಲ್ಲಿ ನಸುಗೆಂಪು ಉಪ್ಪು ಮಾತ್ರ ಉಳಿದಿತ್ತು. ಅಣ್ಣ ಸತ್ತನೆಂದು ಮಗಳು ಒಳಗೊಳಗೇ ಹಿಗ್ಗಿದಳು. ಅಮ್ಮ ನಕ್ಕಳು.

"ಸತ್ತಿಲ್ಲ ಕಣೇ. ಉಪ್ಪಿನ ಹರಳೊಳಗೆ ಚೂರು ನೀರು ಸಿಕ್ಕಿಕೊಂಡಿರುತ್ತೆ. ಅದರಲ್ಲಿ ಮುದುರಿಕೊಂಡು ಕೂತಿರ್ತಾನೆ. ಎಷ್ಟು ದಿನ ಬೇಕಾದ್ರೂ ಕಾಯ್ತಾನೆ."

ಗಟ್ಟಿ ಉಪ್ಪುನೀರು ಹುಯ್ದು, ಅವನ ಊಟಕ್ಕೆಂದು ಚಿಟಿಕೆ ಯೀಸ್ಟ್ ಉದುರಿಸಿದಳು. ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ, ಒಂದು ಬೆಳಗ್ಗೆ, ಅಣ್ಣ ಮತ್ತೆ ಗುಲಾಬಿಯಾಗಿದ್ದ. ಮಗಳು ಮುಖ ಊದಿಸಿಕೊಂಡೇ ಶಾಲೆಗೆ ಹೋದಳು.

* * *

ಆ ಗದ್ದೆಯಿಂದಲೇ ಬೇರೆ ನೀರು ತಂದುಕೊಡುತ್ತೇನೆ ಎಂದು ಚಿಕ್ಕಮ್ಮ ಗೋಗರೆದಳು. ಗದ್ದೆ ಮುಚ್ಚಿ ಅಲ್ಲಿ ಗೋದಾಮು ಎದ್ದು ಬಹಳ ಕಾಲವಾಯಿತು ಎಂದಳು ಮಗಳು. ಚಿಕ್ಕಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಉಜ್ಜುವ ನಾರು ಎತ್ತಿಕೊಂಡು ಕಿಟಕಿಯ ಕಟ್ಟೆಯತ್ತ ತಿರುಗಿದಳು.

"ಇದೊಂದು ಕಲೆ ಹೋಗ್ತಾನೇ ಇಲ್ಲ," ಎಂದು ತನ್ನಷ್ಟಕ್ಕೆ ಗೊಣಗಿದಳು.

ಸೀಸೆ ಇದ್ದ ಜಾಗದಲ್ಲಿ ದುಂಡಗೆ ಉಪ್ಪು ಕಟ್ಟಿತ್ತು. ಮುಚ್ಚಳದಿಂದ ವರ್ಷಗಟ್ಟಲೆ ಒಸರಿ, ಒಣಗಿ, ಗಟ್ಟಿಯಾದ ಹರಳು, ಅಂಚಿನಲ್ಲಿ ನಸುಗೆಂಪು. ಮಗಳು ಚಿಕ್ಕಮ್ಮನ ಮಣಿಕಟ್ಟು ಹಿಡಿದಳು.

"ಉಜ್ಜಬೇಡ. ಅಣ್ಣ ಅಲ್ಲಿದ್ದಾನೆ."

ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಡಬ್ಬದ ಉಪ್ಪನ್ನೆಲ್ಲ ನೀರಿಗೆ ಸುರಿದು, ಇನ್ನು ಕರಗದೆಂದು ತಳದಲ್ಲಿ ಉಳಿಯುವವರೆಗೆ ಕಲಕಿ ಸೀಸೆ ತುಂಬಿದಳು. ಚಿಕ್ಕಮ್ಮ ಉಸಿರು ಬಿಗಿಹಿಡಿದು ಚಮಚದಿಂದ ಹರಳುಗಳನ್ನು ಕೆರೆದು ಸೀಸೆಗೆ ಹಾಕಿದಳು, ಒಂದು ಚೂರನ್ನೂ ನೆಲಕ್ಕೆ ಬೀಳಿಸದೆ.

"ಬರ್ತಾನಾ?"

"ಬರ್ತಾನೆ. ನಿಧಾನಕ್ಕೆ ಬರ್ತಾನೆ."

ಹೊರಗೆ ವ್ಯಾನು ಬಂದು ನಿಂತಿತು. ಯಾರೋ ಕರೆದರು. ಮಗಳು ಅಮ್ಮನ ಬಳಿಗೆ ಹೋದಳು. ಚಿಕ್ಕಮ್ಮ ಮಾತ್ರ ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಕಿಟಕಿಯಲ್ಲಿ ಬಣ್ಣವಿಲ್ಲದ ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಹೆಗಲ ಮೇಲಿದ್ದ ಒರೆಸುವ ಬಟ್ಟೆ ತೆಗೆದು, ಸಿಂಕಿನ ನಲ್ಲಿಗೆ ಸುತ್ತಿ, ಯಾರೂ ತಿರುಗಿಸದಂತೆ ಎರಡೆರಡು ಗಂಟು ಬಿಗಿದಳು.