ಬಾವಿಗೆ ಬಂದ ನೀರು

ಒದ್ದೆಗಾಲನ ಕಾಲು ಒಣಗಿದ್ದನ್ನು ಅವನ ಹೆಂಡತಿಯೂ ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ನೋಡಿದ್ದೆನೇನೋ, ನೆನಪಿಲ್ಲ ಎಂದು ಅವಳು ಚೇಷ್ಟೆ ಮಾಡುತ್ತಿದ್ದಳು. ಹನ್ನೊಂದು ವರ್ಷದಿಂದ ಅವನು ಮರಳು ಗಣಿಯ ಪಂಪು ನೋಡಿಕೊಳ್ಳುವವನು. ಬೆರಳ ಸಂದಿಗಳು ಬೆಳ್ಳಗೆ ಕೊಳೆತಿದ್ದವು. ಹಿಮ್ಮಡಿಯ ಬಿರುಕುಗಳಲ್ಲಿ ಮರಳು ಕೂತು ಹೆಜ್ಜೆಹೆಜ್ಜೆಗೂ ಕಚ್ಚುತ್ತಿತ್ತು. ಊರು ಇಟ್ಟ ಹೆಸರೇ ಒದ್ದೆಗಾಲ. ತಾಯಿ ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟಾಗಿತ್ತು.

ಗಣಿಯಲ್ಲಿ ನೀರಿನ ದಾರಿ ಇಷ್ಟೆ. ಗುಂಡಿ ತೋಡಿದಷ್ಟೂ ತಳದಲ್ಲಿ ನೀರು ಒಸರುತ್ತದೆ. ಪಂಪು ಅದನ್ನು ಎತ್ತಿ ಮರಳು ತೊಳೆಯುವ ಜರಡಿಗೆ ಕೊಡುತ್ತದೆ. ತೊಳೆದ ನೀರು ಜೇಡಿ ಹೊತ್ತುಕೊಂಡು ದಿಬ್ಬದ ಮೇಲಿನ ಕೊಳ ಸೇರುತ್ತದೆ. ಅಲ್ಲಿ ಒಂದು ಬಿಳಿ ಪುಡಿ ಕದಡಿ ಸುರಿದರೆ ಜೇಡಿ ಮುದ್ದೆಗಟ್ಟಿ ತಳಕ್ಕಿಳಿಯುತ್ತದೆ, ಮೇಲೆ ನಿಂತ ತಿಳಿನೀರು ಮತ್ತೆ ಜರಡಿಗೆ ಬರುತ್ತದೆ. ಆ ಪುಡಿಗೆ ಏನೋ ಮೊಳದುದ್ದದ ಹೆಸರಿದೆ. ಕೆಲಸಗಾರರು ಜಾರುಪುಡಿ ಎನ್ನುತ್ತಾರೆ. ನೀರಿಗೆ ಬಿದ್ದರೆ ಲೋಳೆಯಾಗುತ್ತದೆ, ಚೆಲ್ಲಿದ ಕಡೆ ಕಾಲಿಟ್ಟವನು ಅಂಗಾತ ಬೀಳುವುದೇ ಸೈ. ಒಮ್ಮೆ ಮ್ಯಾನೇಜರನೇ ಬಿದ್ದಿದ್ದ. ಅವತ್ತು ಗಣಿಯಲ್ಲಿ ನಗು ತಡೆದುಕೊಳ್ಳುವುದೇ ಎಲ್ಲರಿಗೂ ದೊಡ್ಡ ಕೆಲಸವಾಗಿತ್ತು.

ಈ ಏರ್ಪಾಡಿನ ಬಗ್ಗೆ ಗೇಟಿನ ಬೋರ್ಡಿನಲ್ಲಿ ಹೆಮ್ಮೆಯಿಂದ ಬರೆಸಿದ್ದರು: "ಒಂದು ಹನಿ ನೀರನ್ನೂ ಹೊರಗೆ ಬಿಡುವುದಿಲ್ಲ." ಬಿಡುತ್ತಿರಲಿಲ್ಲ, ನಿಜ. ಆದರೆ ತಳ ಸೇರಿದ ಜೇಡಿಯನ್ನು ಎತ್ತುತ್ತಲೂ ಇರಲಿಲ್ಲ. ಎತ್ತಬೇಕಾದರೆ ಹದಿನೈದು ದಿನ ಗಣಿ ನಿಲ್ಲಿಸಬೇಕು. ಧಣಿ ನಿಲ್ಲಿಸುವ ಆಸಾಮಿಯೇ? ವರ್ಷದಿಂದ ವರ್ಷಕ್ಕೆ ಕೊಳದ ತಳ ಮೇಲೆದ್ದಿತು, ನೀರು ಅದರ ಬೆನ್ನೇರಿ ನಿಂತಿತು. ಕೊಳದ ಸುತ್ತಲಿನ ಕಟ್ಟೆಯ ತುದಿಯಿಂದ ಮೂರು ಅಡಿ ಖಾಲಿ ಬಿಡಲೇಬೇಕು ಎಂದು ನಿಯಮ. ಅಲ್ಲಿಗೆ ಕೆಂಪು ಗೆರೆ ಎಳೆದ ಕಂಬವೊಂದನ್ನು ಕೊಳದಲ್ಲಿ ನೆಟ್ಟಿದ್ದರು. ಹೋದ ವರ್ಷ ನೀರು ಗೆರೆ ಮುಟ್ಟಿತು. ಮ್ಯಾನೇಜರ್ ನೀರು ಇಳಿಸಲಿಲ್ಲ, ಗೆರೆ ಏರಿಸಿದ. ಬಣ್ಣದ ಡಬ್ಬಿ ಹಿಡಿದು ಹೊಸ ಗೆರೆ ಎಳೆದವನು ಒದ್ದೆಗಾಲನೇ.

ಕಟ್ಟೆಯ ಒಂದು ಪಕ್ಕಕ್ಕೆ ಗುಂಡಿ. ಇನ್ನೊಂದು ಪಕ್ಕದ ಬುಡದಲ್ಲಿ ನಲವತ್ತು ತಗಡಿನ ಮನೆಗಳ ಬೀದಿ. ಕೊನೆಯ ಮನೆಯ ಹಿಂಗೋಡೆಗೂ ಕಟ್ಟೆಗೂ ಹತ್ತು ಹೆಜ್ಜೆ. ಆ ಮನೆ ಒದ್ದೆಗಾಲನದು. ಅಲ್ಲೀಗ ಅವನ ಮಗಳು ಹನ್ನೆರಡು ದಿನದ ಕೂಸನ್ನು ಪಕ್ಕಕ್ಕೆ ಹಾಕಿಕೊಂಡು ಮಲಗಿದ್ದಳು.

ಬೀದಿಯ ನಡುವೆ ಒಂದು ಬಾವಿ. ಗುಂಡಿ ಆಳವಾಗುತ್ತ ಹೋದಂತೆ ಬಾವಿ ಬತ್ತಿ, ಆರು ವರ್ಷ ಬರಿದಾಗಿ ಬಿದ್ದಿತ್ತು. ಹೆಂಗಸರು ಎರಡು ಮೈಲಿ ದೂರದಿಂದ ಕೊಡ ಹೊತ್ತು ನೆತ್ತಿಯ ಕೂದಲು ಸವೆಸಿಕೊಂಡಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ಬಾವಿಗೆ ನೀರು ಬಂತು. ಮಳೆಯಿಲ್ಲ, ಗಿಳೆಯಿಲ್ಲ. ಮೊದಲ ದಿನ ಮೊಣಕಾಲುದ್ದ, ವಾರದಲ್ಲಿ ಆಳೆತ್ತರ. ಕನ್ನಡಿಯಂಥ ತಿಳಿನೀರು. ಬೀದಿಗೆ ಬೀದಿಯೇ ಕುಣಿಯಿತು. ಪಕ್ಕದ ಮನೆಯ ಉದ್ದನಾಲಿಗೆಯವಳು ಅಂಗಳಕ್ಕೆ ಮೂರು ಕೊಡ ಸುಮ್ಮನೆ ಸುರಿದು, "ನೋಡ್ಕೊಳ್ರೇ, ದುಂದು ಮಾಡ್ತಾ ಇದೀನಿ" ಎಂದು ಕೂಗಿದಳು.

ಮೂರನೆಯ ದಿನವೇ ಮ್ಯಾನೇಜರ್ ಬಂದು ಬಾವಿಯ ಪಕ್ಕದಲ್ಲಿ ಬೋರ್ಡು ನೆಡಿಸಿದ: ಗಣಿಯ ನೀರು ನಿರ್ವಹಣೆಯಿಂದ ಬಾವಿಗೆ ಮರುಜೀವ. ಧಣಿಯ ಫೋಟೋ ಬೇರೆ. ಯಾರೂ ಬೇಡ ಅನ್ನಲಿಲ್ಲ. ನೀರು ಬಂದಿತ್ತಲ್ಲ, ಯಾರ ಫೋಟೋ ಇದ್ದರೇನು.

ಅದೇ ವಾರ ಒದ್ದೆಗಾಲನ ಹೆಂಡತಿ ಕೂಸಿಗೆ ನೀರು ಹಾಕುತ್ತಿದ್ದಳು. ಬೀದಿಯ ಅರ್ಧ ಮಕ್ಕಳು ಅವಳ ಕೈಯಲ್ಲಿ ಮಿಂದವು. ಒಮ್ಮೆಯೂ ಅವಳ ಕೈ ತಪ್ಪಿದ್ದಿಲ್ಲ. ಅವತ್ತು ಕೂಸು ಅವಳ ಅಂಗೈಯಿಂದ ಸರ್ರನೆ ಜಾರಿತು. ಮಗಳು ಕಿಟ್ಟನೆ ಕಿರುಚಿದಳು. ಅಜ್ಜಿ ಹೇಗೋ ಕೂಸಿನ ಕಂಕುಳಿಗೆ ಬೆರಳು ಸಿಕ್ಕಿಸಿ ಎತ್ತಿದಳು.

"ಏನೇ ಅದು?" ಒದ್ದೆಗಾಲ ಓಡಿ ಬಂದ.

"ಕೈ ಜಾರ್ತು ಕಣ್ರೀ. ಇನ್ನೂ ಸೋಪು ಮುಟ್ಟಿಲ್ಲ. ವಯಸ್ಸಾಯ್ತೇನೋ ನಂಗೆ." ಅವಳು ಕೂಸನ್ನು ಬಟ್ಟೆಯಲ್ಲಿ ಸುತ್ತಿದಳು. "ನಿನ್ನೆಯಿಂದ ಪಾತ್ರೆನೂ ಹಿಂಗೇ. ಎಷ್ಟು ತೊಳೆದ್ರೂ ಜಿಡ್ಡು ಹೋಗ್ತಾ ಇಲ್ಲ."

ಅವನು ಬೋಗುಣಿಗೆ ಕೈ ಅದ್ದಿ ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜಿ ನೋಡಿದ. ಹನ್ನೊಂದು ವರ್ಷ ದಿನವೂ ಉಜ್ಜಿದ ಜಾರು ಅದು. ಅದರ ಗುರುತು ಹಿಡಿಯಲು ಅವನಿಗೆ ಕಣ್ಣು ಬೇಕಾಗಿರಲಿಲ್ಲ. ಬಾವಿಗೆ ಬಂದದ್ದು ಒರತೆಯಲ್ಲ. ಕೊಳದ ನೀರು ಕಟ್ಟೆಯ ಹೊಟ್ಟೆಯೊಳಗೆ ದಾರಿ ಮಾಡಿಕೊಂಡು ಬೀದಿಯ ಕೆಳಗೆ ಹರಿಯುತ್ತಿತ್ತು.

ಆ ಕಟ್ಟೆಯ ಹೊಟ್ಟೆಯೊಳಗೆ ಏನಿದೆ ಎಂಬುದೂ ಅವನಿಗೆ ಗೊತ್ತಿತ್ತು. ಕಟ್ಟುವಾಗ ಅವನೂ ಬುಟ್ಟಿ ಹೊತ್ತಿದ್ದ. ಹೊರಮೈಗೆ ಎರಡಡಿ ಜೇಡಿಮಣ್ಣು, ಒಳಗೆಲ್ಲ ಗುಂಡಿಯಿಂದ ತೆಗೆದ, ಕೆಲಸಕ್ಕೆ ಬಾರದ ಮರಳು. ಪಂಪಿನ ಕೆಲಸ ಸಿಕ್ಕ ಮೇಲೆ ಆ ಮಾತನ್ನು ಅವನು ನುಂಗಿಕೊಂಡಿದ್ದ. ಅದು ಈಗ ಗಂಟಲಿಗೆ ಬಂತು.

ಅವನು ನೆಟ್ಟಗೆ ಆಫೀಸಿಗೆ ಹೋದ. ಮ್ಯಾನೇಜರ್ ಫ್ಯಾನಿನ ಕೆಳಗೆ ಕೂತು ಹಲ್ಲು ಕೆದಕಿಕೊಳ್ಳುತ್ತಿದ್ದ.

"ಸಾರ್, ಬಾವೀಲಿರೋದು ಕೊಳದ ನೀರು. ಕಟ್ಟೆ ಸೋರ್ತಾ ಇದೆ."

"ಯಾರು ಹೇಳಿದ್ರು?"

"ನನ್ನ ಕೈ ಹೇಳ್ತು ಸಾರ್. ಜಾರುಪುಡಿ ಇದೆ ನೀರಲ್ಲಿ."

"ಹಂಗಾದ್ರೆ ಕೈ ತೊಳ್ಕೊ ಹೋಗು." ಮ್ಯಾನೇಜರ್ ತನ್ನ ಮಾತಿಗೆ ತಾನೇ ನಕ್ಕ.

"ತಮಾಷೆ ಅಲ್ಲ ಸಾರ್. ಆಪತ್ತಿಗೆ ಅಂತ ಕೊಳದಿಂದ ಗುಂಡಿಗೆ ಒಂದು ದಪ್ಪ ಪೈಪು ಇಟ್ಟಿದಾರಲ್ಲ, ಅದರ ವಾಲ್ವು ತೆಗೆಯೋಣ. ಮೂರಡಿ ಇಳಿಸಿದ್ರೆ ಸಾಕು, ಕಟ್ಟೆ ಮೇಲಿನ ಭಾರ ಕಮ್ಮಿ ಆಗುತ್ತೆ."

ಮ್ಯಾನೇಜರನ ನಗು ಅಲ್ಲಿಗೇ ನಿಂತಿತು. "ಗುಂಡಿ ತಳದಲ್ಲಿ ಅಗೆಯೋ ದೊಡ್ಡ ಯಂತ್ರ ನಿಂತಿದೆ. ಅದರ ಚೈನು ಕಿತ್ತೋಗಿದೆ. ಹೊಸ ಚೈನು ಬರೋದಕ್ಕೆ ಹತ್ತು ದಿನ. ಅದನ್ನ ಮುಳುಗಿಸಿದ್ರೆ ಧಣಿ ನನ್ನ ಚರ್ಮ ಸುಲೀತಾರೆ. ಅಲ್ಲೀವರೆಗೂ ಪಂಪು ನಿಲ್ಲಬಾರದು, ಗುಂಡಿಗೆ ಒಂದು ಲೋಟ ನೀರೂ ಬೀಳಬಾರದು. ಗೊತ್ತಾಯ್ತಾ?"

"ಕೆಳಗೆ ನಲವತ್ತು ಮನೆ ಇದೆ ಸಾರ್."

"ಕಟ್ಟೆ ಕಟ್ಟಿದೋರಲ್ಲಿ ನೀನೂ ಒಬ್ಬ, ಅಲ್ವಾ? ಗೆರೆಗೆ ಬಣ್ಣ ಬಳಿದವನೂ ನೀನೇ. ಮಾತು ಎತ್ತಿದ್ರೆ ಮೊದಲು ಯಾರ ಕುತ್ತಿಗೆಗೆ ಬರುತ್ತೆ, ಮನೆಗೆ ಹೋಗಿ ಯೋಚನೆ ಮಾಡು. ನಾಡಿದ್ದು ಗಣಿ ಇಲಾಖೆ ಸಾಹೇಬರು ಬರ್ತಾರೆ, ಪರವಾನಗಿ ಮುಂದುವರಿಸೋದಕ್ಕೆ. ಅವತ್ತು ನಿನ್ನ ಬಾಯಿ ಪಂಪ್‌ಮನೆ ಒಳಗೇ ಇರಲಿ."

ಒದ್ದೆಗಾಲ ಬೀದಿಗೆ ಬಂದು ಬಾವಿಕಟ್ಟೆಯ ಬಳಿ ನಿಂತು ಎಲ್ಲವನ್ನೂ ಹೇಳಿದ. ಮರಳು ತುಂಬಿದ್ದನ್ನು, ಗೆರೆ ಏರಿಸಿದ್ದನ್ನು, ಆಪತ್ತಿನ ಪೈಪು ತೆಗೆಯಲು ಮ್ಯಾನೇಜರ್ ಬಿಡದ್ದನ್ನು, ತಾನು ಇಷ್ಟು ದಿನ ಸುಮ್ಮನಿದ್ದುದನ್ನು. ಯಾರೂ ಸೊಪ್ಪು ಹಾಕಲಿಲ್ಲ.

"ಆರು ವರ್ಷದ ಮೇಲೆ ಮನೆ ಮುಂದೆ ನೀರು ಕಂಡಿದೀವಿ. ನಿನ್ನ ಹೊಟ್ಟೆಗೆ ಯಾಕೆ ಉರಿ ಬಿತ್ತೋ?" ಎಂದಳು ಉದ್ದನಾಲಿಗೆಯವಳು. "ನೀನು ಎತ್ತಿದ ನೀರಲ್ಲ ಅಂತ ಸಂಕಟಾನಾ?"

"ಅಕ್ಕ, ಈಗ ತಿಳಿಯಾಗಿ ಬರ್ತಾ ಇದೆ. ಅಂದ್ರೆ ನೀರು ಮಾತ್ರ ಬರ್ತಾ ಇದೆ. ಒಂದು ದಿನ ಕದಡಿ ಬಂತು ಅಂದ್ರೆ ಕಟ್ಟೆ ಒಳಗಿನ ಮರಳೇ ಕಿತ್ಕೊಂಡು ಬರ್ತಾ ಇದೆ ಅಂತ. ಆಮೇಲೆ ಹೇಳೋಕೆ ನಾನೂ ಇರಲ್ಲ, ಕೇಳೋಕೆ ನೀವೂ ಇರಲ್ಲ."

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೋನು ಈಗ ಕಣಿ ಹೇಳೋಕೆ ಬಂದ" ಎಂದು ಯಾರೋ ಗೊಣಗಿದರು. ಅದು ಸುಳ್ಳೇನೂ ಆಗಿರಲಿಲ್ಲ. ಅವನ ಹೆಂಡತಿ ಒಬ್ಬಳೇ ಬಾವಿಯ ಕೊಡ ಬಿಟ್ಟು ಮತ್ತೆ ಎರಡು ಮೈಲಿ ದಾರಿ ಹಿಡಿದಳು. ಮಗಳನ್ನೂ ಕೂಸನ್ನೂ ಎಲ್ಲಿಗೆ ಕಳಿಸುವುದು? ಅಳಿಯ ದೂರದ ಇನ್ನೊಂದು ಗಣಿಯಲ್ಲಿ ತಗಡಿನ ಶೆಡ್ಡಿನಲ್ಲಿ ಹತ್ತು ಜನರ ಜೊತೆ ಮಲಗುತ್ತಿದ್ದ. ಎರಡು ದಿನ ಒದ್ದೆಗಾಲ ಹಿಂಗೋಡೆಗೆ ಕಿವಿಯಿಟ್ಟು ಕೂತ. ಎರಡನೆಯ ದಿನ ಗೋಡೆಯ ಬುಡ ಬೆವರಿತ್ತು.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಸಾಹೇಬರ ಜೀಪು ಕಟ್ಟೆಯ ಬುಡದ ರಸ್ತೆಯಲ್ಲೇ ಬಂದು ಬಾವಿಯ ಬಳಿ ನಿಂತಿತು. ಮ್ಯಾನೇಜರ್ ಹಲ್ಲು ಗಿಂಜುತ್ತ ಬಾಗಿಲು ತೆಗೆದ. ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದ. ಧಣಿಯಿಂದ ನೀರು ಬಂತು, ಧಣಿ ಚೆನ್ನಾಗಿರಲಿ ಎಂದು ಹೇಳಬೇಕೆಂದು ಅವರಿಗೆ ಬಾಯಿಪಾಠ ಮಾಡಿಸಿದ್ದ.

"ಎಲ್ಲಿ, ಒಂದು ಕೊಡ ಎತ್ತಮ್ಮ. ಸಾಹೇಬರು ನೋಡಲಿ."

ಉದ್ದನಾಲಿಗೆಯವಳು ಸೆರಗು ಸಿಕ್ಕಿಸಿ ಹಗ್ಗ ಎಳೆದಳು. ಬಂದದ್ದು ಅಕ್ಕಿ ತೊಳೆದ ನೀರಿನ ಬಣ್ಣ. ಅವಳು ಮಾತಿಲ್ಲದೆ ಅದನ್ನೇ ನೋಡುತ್ತ ನಿಂತಳು. ಅವಳಿಗೆ ಮಾತು ನಿಂತದ್ದು ಬೀದಿಯಲ್ಲಿ ಅದೇ ಮೊದಲು.

"ಹೊಸ ಒರತೆ ಸಾರ್" ಎಂದ ಮ್ಯಾನೇಜರ್. "ಎರಡು ದಿನ ಹಿಂಗಿರುತ್ತೆ."

ಸಾಹೇಬರು ಕೊಡದೊಳಗೆ ಕೈ ಹಾಕಿ ತಳದಿಂದ ಒಂದು ಚಿಟಿಕೆ ಮರಳು ತೆಗೆದರು. ಬೆರಳಲ್ಲಿ ತಿಕ್ಕಿದರು. ನಿಧಾನವಾಗಿ ತಲೆಯೆತ್ತಿ ಕಟ್ಟೆಯನ್ನು ನೋಡಿದರು. ಕೊನೆಯ ಮನೆಯ ಹಿಂದೆ ಕಟ್ಟೆಯ ಮೈ ಒಂದು ಚಾಪೆಯಗಲ ಕಪ್ಪಗೆ ಒದ್ದೆಯಾಗಿತ್ತು. ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಒದ್ದೆಗಾಲ ಮುಂದೆ ಬಂದ. "ಸ್ವಾಮಿ, ನಿಮಗೆ ಗೊತ್ತಾಯ್ತಲ್ಲ. ನೀರು ಇಳಿಸೋಕೆ ಹೇಳಿ ಸ್ವಾಮಿ."

"ನೋಟಿಸು ಕೊಡ್ತೀನಿ" ಎಂದರು ಸಾಹೇಬರು, ಅವನನ್ನು ನೋಡದೆ ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ. "ಹದಿನೈದು ದಿನದೊಳಗೆ ಕಂಪನಿಯವರು ಉತ್ತರ ಕೊಡಬೇಕು. ಎಲ್ಲಾದಕ್ಕೂ ಒಂದು ಕ್ರಮ ಇದೆಯಪ್ಪ." ಬಿರಬಿರನೆ ಜೀಪು ಹತ್ತಿದರು. ತಮ್ಮ ಡ್ರೈವರಿಗೆ ಅವರು ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಬಂದ ದಾರಿ ಬೇಡ. ರಿವರ್ಸ್ ತಗೊ. ಮೇಲಿನ ರಸ್ತೆಗೆ ಹೋಗು."

"ಸಾರ್, ಅದು ನಾಲ್ಕು ಮೈಲಿ ಸುತ್ತು..."

"ಆಗ್ಲಿ ಹೋಗಯ್ಯಾ! ಬೇಗ!"

ಜೀಪು ಹಿಂದಹಿಂದಕ್ಕೆ ಓಡಿತು. ಸಾಲಾಗಿಟ್ಟ ನಾಲ್ಕು ಕೊಡಗಳನ್ನು ಜಜ್ಜಿಕೊಂಡು, ತಿರುಗಿ, ಧೂಳೆಬ್ಬಿಸಿ ಹೋಯಿತು. ಮ್ಯಾನೇಜರನೂ ಅದರ ಹಿಂದೆ ಅರ್ಧ ಓಡುತ್ತ ಅರ್ಧ ನಡೆಯುತ್ತ ಹೋದ.

ಒದ್ದೆಗಾಲ ಗಂಟಲು ಹರಿಯುವಂತೆ ಹೇಳಿದಾಗ ಆಗದ ಕೆಲಸ ಆ ಜೀಪಿನ ಹಿಂದುಗಾಲಿಯಿಂದ ಆಗಿತ್ತು.

"ನಾಲ್ಕು ಗಾಲಿ ಇರೋನಿಗೇ ಈ ಕಟ್ಟೆ ಕೆಳಗೆ ಎರಡು ನಿಮಿಷ ನಿಲ್ಲೋ ಧೈರ್ಯ ಇಲ್ಲ" ಎಂದಳು ಉದ್ದನಾಲಿಗೆಯವಳು. "ನಮ್ಮ ಮಕ್ಕಳು ಇಲ್ಲೇ ಮಲಗ್ತಾವಲ್ರೇ." ಅವಳು ಒದ್ದೆಗಾಲನ ಕಡೆ ತಿರುಗಿದಳು. "ಅಣ್ಣಾ, ಆ ಪೈಪು ಎಲ್ಲಿದೆ?"

ಆಮೇಲೆ ಯಾರೂ ಯಾರನ್ನೂ ಕಾಯಲಿಲ್ಲ. ಮುದುಕರನ್ನು ಬೆನ್ನಿಗೆ ಹಾಕಿಕೊಂಡರು, ಮಕ್ಕಳನ್ನು ಎಳೆದುಕೊಂಡರು. ಗಣಿಯ ಅಂಗಳದಲ್ಲಿ ತೊಳೆದು ಮಾರಾಟಕ್ಕೆ ರಾಶಿ ಹಾಕಿದ್ದ ಮರಳೇ ಎತ್ತರದ ಜಾಗ. ಅದರ ಮೇಲೆ ಚಾಪೆ ಹಾಸಿ ಬಾಣಂತಿಯನ್ನೂ ಕೂಸನ್ನೂ ಮಲಗಿಸಿದರು. ಒದ್ದೆಗಾಲ ಪಂಪು ನಿಲ್ಲಿಸಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಸದ್ದು ನಿಂತದ್ದನ್ನು ಕೇಳಿ ಅವನಿಗೇ ಕಿವಿ ಗುಂಯ್‌ಗುಟ್ಟಿತು. ಕಟ್ಟೆಯ ಗುಂಡಿಯ ಪಕ್ಕಕ್ಕೆ ಹೋಗಿ ತುಕ್ಕು ಹಿಡಿದ ವಾಲ್ವಿನ ಚಕ್ರಕ್ಕೆ ಕೈ ಹಾಕಿದ. ಅಲುಗಲಿಲ್ಲ. ಅವನ ಕೈಯ ಮೇಲೆ ಹೆಂಡತಿ ಕೈಯಿಟ್ಟಳು, ಅವಳ ಪಕ್ಕದಲ್ಲಿ ಉದ್ದನಾಲಿಗೆಯವಳು, ಆಮೇಲೆ ಕೈ ಇಡಲು ಜಾಗ ಸಿಕ್ಕವರೆಲ್ಲ. ಚಕ್ರ ಕಿರ್ರೆಂದಿತು. ಪೈಪು ಒಮ್ಮೆ ಕೆಮ್ಮಿ, ಬೋರ್ಗರೆಯುತ್ತ ಗುಂಡಿಗೆ ನೀರುಗುಳಿತು. ಪೂರ್ತಿ ತೆರೆದ ಮೇಲೆ ಅವನು ಚಕ್ರವನ್ನೇ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಕೆಳಗಿಟ್ಟು ಅದರ ಮೇಲೆ ಕೂತುಬಿಟ್ಟಳು.

ಧಣಿ ಬರುವ ಹೊತ್ತಿಗೆ ಯಂತ್ರದ ಗಾಲಿಪಟ್ಟಿ ಮುಳುಗಿ, ನೀರು ಡ್ರೈವರ್ ಕೂರುವ ಗೂಡಿನ ಮೆಟ್ಟಿಲು ಮುಟ್ಟಿತ್ತು. ಅವನನ್ನು ಬೀದಿಯವರು ಇಷ್ಟು ಹತ್ತಿರದಿಂದ ನೋಡಿದ್ದು ಫೋಟೋದಲ್ಲಿ ಮಾತ್ರ.

"ಮುಚ್ಚೋ ಅದನ್ನ! ಅದರ ಬೆಲೆ ಎಷ್ಟು ಗೊತ್ತೇನೋ ನಿಂಗೆ?"

ಉತ್ತರ ಕೊಟ್ಟದ್ದು ಕೂತಿದ್ದವಳು. "ನಿಮ್ಮ ಯಂತ್ರ ಮುಳುಗಿದ್ರೆ ಕ್ರೇನು ತರಿಸಿ ಎತ್ತಿಸ್ತೀರಿ ಧಣಿ. ನಾವು ಮುಳುಗಿದ್ರೆ ಏನು ತರಿಸ್ತಿದ್ರಿ?"

ಧಣಿ ಮೊಬೈಲು ಕಿವಿಗಿಟ್ಟುಕೊಂಡು ಪೊಲೀಸರನ್ನು ಕರೆದ.

ಮಧ್ಯಾಹ್ನ ಎರಡಕ್ಕೆ ಪೊಲೀಸರು ಬಂದರು. ಕಟ್ಟೆ ಸೋರಿದ್ದಕ್ಕೆ, ಗೆರೆ ಏರಿಸಿದ್ದಕ್ಕೆ ಯಾವ ಕಾಗದವೂ ಇರಲಿಲ್ಲ. ಒದ್ದೆಗಾಲನ ಮೇಲೆ ಮಾತ್ರ ಕಾಗದ ಆಗಲೇ ತಯಾರಿತ್ತು: ಕಂಪನಿಯ ಯಂತ್ರಕ್ಕೆ ಹಾನಿ, ಕಂಪನಿಯ ನೀರು ಪೋಲು. ಓದಿದ ಪೇದೆಗೇ ಕೊನೆಯ ಮಾತು ಹೇಳುವಾಗ ನಾಲಿಗೆ ತಡವರಿಸಿತು. ಒದ್ದೆಗಾಲನ ಎರಡೂ ತೋಳು ಹಿಡಿದು ವ್ಯಾನಿನ ಕಡೆ ನಡೆಸಿದರು.

"ಎಷ್ಟು ಇಳಿದಿದೆ?" ಅವನು ತಿರುಗಿ ಕೂಗಿದ.

ಕೊಳದ ಅಂಚಿನಲ್ಲಿ ನಿಂತಿದ್ದ ಉದ್ದನಾಲಿಗೆಯವಳು ಕಂಬ ನೋಡಿ ಕೂಗಿದಳು. "ಒಂದೂವರೆ ಅಡಿ!"

"ಇನ್ನೂ ಒಂದೂವರೆ ಇಳೀಬೇಕು! ಅಲ್ಲೀವರೆಗೂ ಯಾರೂ ಕೆಳಗೆ ಹೋಗಬೇಡಿ! ಮುಚ್ಚೋಕೆ ಬಿಡಬೇಡಿ!"

ವ್ಯಾನಿನ ಬಾಗಿಲು ಹಾಕಿದರು. ಒಬ್ಬ ಪೇದೆ ದೊಡ್ಡ ಸ್ಪ್ಯಾನರು ಹಿಡಿದು ವಾಲ್ವಿನ ಕಡೆ ಬಂದ. ಒದ್ದೆಗಾಲನ ಹೆಂಡತಿ ಅಳುತ್ತಿದ್ದಳು, ಆದರೆ ಕೂತಲ್ಲಿಂದ ಕದಲಲಿಲ್ಲ. ಉದ್ದನಾಲಿಗೆಯವಳು ಬಂದು ಅವಳ ಪಕ್ಕ ಕೂತಳು. ಇನ್ನೊಬ್ಬಳು ಬಂದಳು. ಒಬ್ಬೊಬ್ಬರಾಗಿ ಬಂದು ಮಂಡಿಗೆ ಮಂಡಿ ತಾಗಿಸಿ ವಾಲ್ವಿನ ಸುತ್ತ ಕೂತರು.

"ಏಳಮ್ಮಾ" ಎಂದ ಪೇದೆ.

ಯಾರೂ ಏಳಲಿಲ್ಲ.