ಟವಲಿನ ಕೆಳಗಿನ ಇಂಗ್ಲಿಷ್

ಕೋದಂಡರಾಮ ಬಾಯಿ ತೆರೆದು ಇಂಗ್ಲಿಷ್ ಮಾತಾಡಿದ ರಭಸಕ್ಕೆ ಕೋಲಾರದ ಬೆಟ್ಟ ನಾಲ್ಕು ಮಾರು ಹಿಂದಕ್ಕೆ ಸರಿದು ನಿಂತಿತು. ನಂಬದವರು ಹಗ್ಗ ತೆಗೆದುಕೊಂಡು ಹೋಗಿ ಅಳೆದುಕೊಳ್ಳಬಹುದು. ಹಾಗೆಂದು ಸಾರಿದವನು ಕೋದಂಡರಾಮನೇ. ಕೋಲಾರದಿಂದ, ಪೆಟ್ರೋಲಿಲ್ಲದ ಯುದ್ಧಕಾಲದ ಇದ್ದಿಲ ಬಸ್ಸಿನಲ್ಲಿ ಆಗತಾನೇ ಬಂದಿಳಿದು, ಮುಖದ ಮಸಿಯನ್ನೂ ಒರೆಸಿಕೊಳ್ಳದೆ ಶ್ರೀನಿವಾಸಪುರದ ಮಾವಿನ ಮಂಡಿಯ ನಡುವೆ ನಿಂತಿದ್ದ.

ಅವನು ಹೋಗಿದ್ದದ್ದು ಕೋಲಾರದ ಒಂದು ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟರ ಕೆಲಸದ ಪರೀಕ್ಷೆಗೆ. ಬರೆಯುವುದೇನೂ ಇಲ್ಲ, ಸಾಹೇಬರ ಎದುರು ಕೂತು ಮಾತಾಡಬೇಕು. ಗೆದ್ದರೆ ಮೇಷ್ಟರು, ಸೋತರೆ ಮಾರನೆಯ ದಿನದಿಂದಲೇ ಅಪ್ಪನ ಪಕ್ಕದಲ್ಲಿ ಕೂತು ದಲ್ಲಾಳಿ. ಅಪ್ಪ ವೆಂಕಟರಾಯಪ್ಪನ ಷರತ್ತು ಅದು.

ವೆಂಕಟರಾಯಪ್ಪನ ದಲ್ಲಾಳಿತನಕ್ಕೆ ನಾಲಿಗೆಯೇ ಬೇಡ. ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಕುದುರಿಸುವುದು. ಹಣ್ಣು ಚೆನ್ನಾಗಿದೆ ಎಂದು ಬಾಯಿಬಿಟ್ಟರೂ ನಷ್ಟ, ಚೆನ್ನಾಗಿಲ್ಲ ಎಂದರೂ ನಷ್ಟ. ಆ ಅಭ್ಯಾಸ ಮನೆಯೊಳಕ್ಕೂ ಬಂದು, ಸಾರಿಗೆ ಉಪ್ಪು ಕಡಿಮೆಯೆಂದು ಅಲ್ಲಿ ಯಾರಾದರೂ ಹೇಳಿ ಮೂರು ತಲೆಮಾರಾಗಿತ್ತು. ಅಂಥ ಮನೆಯ ಹುಡುಗ ಬಾವಿಕಟ್ಟೆಯ ಮೇಲೆ ಕೂತು ‘ಇನ್ ಮೈ ಒಪಿನಿಯನ್’, ‘ಇಫ್ ಯು ಆಸ್ಕ್ ಮಿ’ ಎಂದು ಬೇಸಿಗೆಯೆಲ್ಲ ಉರು ಹೊಡೆದಿದ್ದ. ಬಾವಿಯ ಕಪ್ಪೆಗಳಿಗೂ ಬಾಯಿಪಾಠವಾಗಿತ್ತು.

“ಏಮಿರಾ ಕೋದಂಡ, ಸಾಹೇಬ್ರು ಅಂಥದ್ದೇನು ಕೇಳಿದ್ರು?” ಎಂದ ಹಮಾಲಿ ಸೊಣ್ಣಪ್ಪ, ತಲೆಯ ಮೇಲಿನ ಹಣ್ಣಿನ ಮಂಕರಿ ಇಳಿಸುತ್ತ.

“ಯುದ್ಧದ ವಿಚಾರ. ಇನ್ ಮೈ ಒಪಿನಿಯನ್ ಅಂತ ಶುರು ಹಚ್ಕೊಂಡೆ ನೋಡು, ಸಾಹೇಬ್ರು ಕುರ್ಚಿ ಬಿಟ್ಟು ಎದ್ದು ನಿಂತ್ರು. ಲಂಡನ್ನಿಗೆ ಈಗ್ಲೇ ತಂತಿ ಹೊಡೀತೀನಿ ಅಂದ್ರು.”

“ಬೆಟ್ಟ ಸರಿದಿದ್ದು ಆವಾಗ್ಲಾ?”

“ಅದಕ್ಕೂ ಮುಂಚೆ ಕಣೋ. ಅದು ಬರೀ ಗುಡ್ ಮಾರ್ನಿಂಗಿಗೆ.”

ಮಂಡಿಯೆಲ್ಲ ನಕ್ಕಿತು. ವೆಂಕಟರಾಯಪ್ಪ ಮಾತ್ರ ನಗಲಿಲ್ಲ. ಹೆಗಲ ಟವಲು ತೆಗೆದು ಮಗನ ಬಲಗೈ ಮೇಲೆ ಹೊದಿಸಿ, ಒಳಗೆ ಅವನ ಕೈ ಹಿಡಿದ. ನಗು ನಿಂತಿತು. ಬಾಯಲ್ಲಿ ಎಷ್ಟು ಸುಳ್ಳು ಹೇಳಿದರೂ ಮಂಡಿ ಕ್ಷಮಿಸುತ್ತದೆ. ಟವಲಿನ ಕೆಳಗೆ ಸುಳ್ಳು ಹೇಳಿದವನಿಗೆ ಆ ಊರಲ್ಲಿ ಒಂದು ಮಿಡಿಗಾಯಿಯೂ ಹುಟ್ಟುವುದಿಲ್ಲ.

“ಎಷ್ಟು ಪ್ರಶ್ನೆ ಕೇಳಿದ್ರೋ?”

ಐದೂ ಬೆರಳು ಒತ್ತಿದವು.

“ಎಷ್ಟಕ್ಕೆ ಸರಿಯಾಗಿ ಹೇಳ್ದೆ?”

ಕೋದಂಡರಾಮನ ಕಿರುಬೆರಳೊಂದು ಅಪ್ಪನ ಅಂಗೈಯನ್ನು ಮೆಲ್ಲಗೆ ಮುಟ್ಟಿತು.

“ಒಂದಾ! ಏನದು? ಬಾಯಲ್ಲೇ ಹೇಳು. ಕೈ ಮಾತ್ರ ತೆಗೀಬೇಡ.”

“ಬೆಟ್ಟ ಇದ್ದಲ್ಲೇ ಇದೆ ಅಪ್ಪಾ” ಎಂದ ಕೋದಂಡರಾಮ, ನೆಲ ನೋಡುತ್ತ. “ಏನ್ ಕೇಳಿದ್ರೂ ಇನ್ ಮೈ ಒಪಿನಿಯನ್ ಅಂತಿದ್ದೆ, ಅದರ ಮುಂದಕ್ಕೆ ಹೇಳೋಕೆ ಒಳಗೆ ಏನೂ ಇರ್ಲಿಲ್ಲ. ಸಾಹೇಬ್ರಿಗೆ ಆಕಳಿಕೆ ಬಂತು. ಕಡೇಗೆ, ನಿಮ್ಮ ತಂದೆ ಏನ್ಮಾಡ್ತಾರೆ ಅಂದ್ರು. ಮಂಡಿ ಅಂದೆ. ನೀನೂ ಅದನ್ನೇ ಮಾಡೋದು ಒಳ್ಳೇದಲ್ವಾ ಅಂದ್ರು. ಎಲ್ಲಿತ್ತೋ ಏನೋ, ಬಾಯಿಗೆ ಬಂದ್ಬಿಡ್ತು: ಮೈ ಫಾದರ್ ಥಿಂಕ್ಸ್ ಸೋ, ಸರ್. ಐ ಡೋಂಟ್.”

“ಹಂಗಂದ್ರೆ?”

“ನಮ್ಮಪ್ಪಂಗೆ ಹಂಗನ್ಸುತ್ತೆ, ನಂಗೆ ಅನ್ಸಲ್ಲ ಅಂತ.”

ಸೊಣ್ಣಪ್ಪ ಮಂಕರಿಯನ್ನು ಅರ್ಧಕ್ಕೇ ಹಿಡಿದು ನಿಂತ. ವೆಂಕಟರಾಯಪ್ಪನ ಹಿಡಿತ ಸಡಿಲವಾಗಲಿಲ್ಲ.

“ಅದಕ್ಕೆ ಸಾಹೇಬ್ರು?”

“ನಕ್ಕುಬಿಟ್ರು. ಇಷ್ಟೊತ್ತು ಪಾಠ ಒಪ್ಪಿಸ್ತಿದ್ದೆ, ಈಗ ನೀನು ಮಾತಾಡ್ದೆ, ಸೋಮವಾರ ಬಂದು ಕೆಲಸಕ್ಕೆ ಸೇರ್ಕೋ ಅಂದ್ರು. ನಿನ್ ಬೆನ್ನ ಹಿಂದೆ ಅಂದಿದ್ದನ್ನ ನಿನ್ ಮುಂದೆ ಹೇಳೋಕೆ ಹೆದರಿಕೆ ಆಯ್ತು. ಅದಕ್ಕೇ ಇಷ್ಟೆಲ್ಲ ಬುರುಡೆ ಬಿಟ್ಟೆ.”

“ಯಾರೋ ಸಾಹೇಬ್ರ ಹತ್ರ ಹೇಳ್ದೆ. ನನ್ನ ಹತ್ರ ಯಾಕೋ ಹೇಳ್ಲಿಲ್ಲ?”

“ನೀನು ಕೇಳ್ಲೇ ಇಲ್ವಲ್ಲಪ್ಪಾ.”

ವೆಂಕಟರಾಯಪ್ಪ ಟವಲು ಎಳೆದು ಹೆಗಲಿಗೆ ಹಾಕಿಕೊಂಡ. ಕೈ ಬಿಡಲಿಲ್ಲ. ಇಡೀ ಮಂಡಿಗೆ ಕಾಣುವಂತೆ ಹಿಡಿದುಕೊಂಡೇ ಕೇಳಿದ:

“ಈಗ ಕೇಳ್ತಿದೀನಿ. ಮೇಷ್ಟರ ಕೆಲಸ ಇಷ್ಟವೇನೋ?”

“ತುಂಬಾ ಇಷ್ಟ ಅಪ್ಪಾ” ಎಂದ ಕೋದಂಡರಾಮ. “ಆದ್ರೆ ಮಕ್ಕಳ ಮುಂದೆ ನಿಲ್ಲೋಕೆ ಭಯ ಆಗ್ತಿದೆ.”