ಎಡಗಿವಿ ಕೊಯ್ದ ಕುರಿ

ಹಟ್ಟಿಯಲ್ಲಿ ಎಡಗಿವಿ ಕೊಯ್ದ ಒಂದು ಕುರಿಯೂ ಇರಲಿಲ್ಲ. ಮಲ್ಕಪ್ಪ ಹೆಗಲ ಚೀಲ ಇಳಿಸದೆಯೇ ಮುಳ್ಳುಬೇಲಿ ಸುತ್ತಿದ. ಇದ್ದವುಗಳ ಕಿವಿಯೆಲ್ಲ ನೆಟ್ಟಗಿದ್ದವು. ಅವುಗಳಲ್ಲೂ ಅರ್ಧ ನೆಲ ಹಿಡಿದಿದ್ದವು. ಮುಖ, ತೊಡೆಸಂದಿಯಲ್ಲೆಲ್ಲ ಮೈಲಿಬೇನೆಯ ಬೊಕ್ಕೆ.

"ಅಪ್ಪಾ, ಕಿವಿ ಕೊಯ್ದವು ಎಲ್ಲಿ?"

ಅಯ್ಯಣ್ಣ ಸತ್ತ ಮರಿಯೊಂದನ್ನು ಗುಂಡಿಗೆ ಎಳೆಯುತ್ತಿದ್ದ. "ಶಹಾಪುರದಾಗ ಬ್ಯಾನಿ ಬಿತ್ತು ಅಂದಕೂಡ್ಲೆ ಭೀಮಿ ಹೊಳಿ ದಾಟಿಸಿ ಕಡೇಚೂರಿಗೆ, ನಿನ್ನ ತಂಗಿ ಮನಿಗೆ ಹೊಡದೆ. ಅವು ರೇಣಮ್ಮನ ಪಾಲಲ್ಲೇನು? ಹೆಣ್ಮಗಳ ಪಾಲು ಮೊದಲ ಉಳಸಬೇಕಲ್ಲಪಾ."

"ತಂಗಿ ಪಾಲಂತ ಯಾರು ಹೇಳ್ಯಾರ ನಿನಗ?"

"ನೀನ ಎಡಗಿವಿ ಕೊಯ್ದಿ, ಮತ್ತ ಯಾರು ಹೇಳಬೇಕು? ಅರ್ಧಾ ಹಿಂಡಿಗೆ ಕತ್ರಿ ಹಾಕಿದ್ದಕ್ಕ ನಿಮ್ಮವ್ವ ಬೈದ್ಳು. ಓದಿದ ಮಗ ತಂಗಿನ್ನ ಮರತಿಲ್ಲಲ್ಲ ಅಂತ ನಾನ ಅಕಿಗೆ ಸಮಾಧಾನ ಹೇಳೀನಿ."

ಕೊಟ್ಟ ಮನೆಗೆ ಹೋದ ಮಗಳ ಪಾಲಿನ ಕುರಿಗೆ ಎಡಗಿವಿ ಕೊಯ್ಯುವುದು ಆ ಹಟ್ಟಿಯ ಕೂಸಿಗೂ ಗೊತ್ತು. ಹಾಸ್ಟೆಲಿನಲ್ಲಿ ಬೆಳೆದ ಮಲ್ಕಪ್ಪನಿಗೆ ಗೊತ್ತಿರಲಿಲ್ಲ. ಕತ್ತರಿ ಹಾಕುವ ಮೊದಲು ಕೇಳಲೂ ಇಲ್ಲ.

ಮೈಲಿಬೇನೆಗೆ ಅವನೊಂದು ಲಸಿಕೆ ಮಾಡಿದ್ದ. ಅದಕ್ಕೂ ಮುಂಚೆ ವರ್ಷಗಟ್ಟಲೆ ಜಾನುವಾರು ಪ್ರಯೋಗಾಲಯದ ಡಾಕ್ಟರ್ ಬಸವಂತರಾಯರ ಕೈಕೆಳಗೆ ದುಡಿದಿದ್ದ. ದುಡಿಮೆ ಇವನದು, ಅಚ್ಚಾದ ಹೆಸರು ಅವರದು. ಹೈದರಾಬಾದ ಸೀಮೆ ಒಡೆದು ಇತ್ತಕಡೆಯದು ಮೈಸೂರಿಗೆ ಸೇರಿದ ವರ್ಷವೇ ಅವನಿಗೆ ದಿಲ್ಲಿಯಿಂದ ಫೆಲೋಶಿಪ್ ಬಂತು. ಸ್ವಂತ ಪ್ರಶ್ನೆ, ಸ್ವಂತ ಪ್ರಯೋಗ, ಸ್ವಂತ ಹೆಸರು. ವರ್ಷದ ಕೊನೆಗೆ ಫಲ ತೋರಿಸಿದರೆ ಅದು ಮುಂದುವರಿಯುತ್ತದೆ, ಇಲ್ಲದಿದ್ದರೆ ಮತ್ತೆ ಅದೇ ಸಾಹೇಬರ ಬಾಟಲಿ ತೊಳೆಯುವುದು. ಆ ಸಾಹೇಬರೇ ಇವನನ್ನು ಗುಲಬರ್ಗಾಕ್ಕೆ ಕರೆಸಿ, ಇಷ್ಟು ದಿನ ವರಾಂಡದಲ್ಲಿ ಕೂಡಿಸಿದ್ದರು. ಕೆಲಸವೇನೂ ಇರಲಿಲ್ಲ. ಕೂಡಿಸುವುದೇ ಕೆಲಸ.

"ಎಲ್ಲಾದಕ್ಕೂ ಸೂಜಿ ಚುಚ್ಚಿದಿ. ಮತ್ತ ಇವ್ಯಾಕ ಸತ್ವು?" ಅಯ್ಯಣ್ಣ ಕೇಳಿದ.

ಮಲ್ಕಪ್ಪ ನೆಲ ನೋಡಿದ. "ಕಿವಿ ಕೊಯ್ದವಕ್ಕಷ್ಟ ಔಷಧ. ಇವಕ್ಕ ಉಪ್ಪುನೀರು. ಹೋಲಿಸಿ ನೋಡಾಕ ಹಂಗ ಮಾಡ್ತಾರಪಾ."

"ಉಪ್ಪುನೀರು!" ಅಯ್ಯಣ್ಣ ಮರಿಯ ಕಾಲು ಬಿಟ್ಟ. "ಹೋಲಿಸಾಕ ನಿನಗ ನಮ್ಮ ಹಿಂಡ ಸಿಕ್ತೇನು? ನಿಮ್ಮ ಸಾಹೇಬನ ಮನ್ಯಾಗ ಎಮ್ಮಿ ಇರ್ಲಿಲ್ಲೇನು?"

ಉಳಿದವೂ ಗುಂಡಿ ಸೇರಿದವು. ಬೇನೆ ತಣ್ಣಗಾದ ಮೇಲೆ ಮಲ್ಕಪ್ಪ ಕಡೇಚೂರಿನಿಂದ ಕುರಿಗಳನ್ನು ಹೊಡೆದುಕೊಂಡು ಬಂದ. ಎಲ್ಲವೂ ಮೈದುಂಬಿಕೊಂಡಿದ್ದವು. ಅವನ್ನು ನೋಡಲು ಬಸವಂತರಾಯರ ಜೀಪು ಬಂತು.

"ಶಾಬಾಸ್! ಕೊಯ್ದ ಕಿವಿ ಜಿಂದಾ, ನೆಟ್ಟನ ಕಿವಿ ಖತಂ. ಬರದು ಕೊಡು, ಮುಂದಿನ ವರ್ಷಕ್ಕ ನಾ ಶಿಫಾರಸು ಮಾಡ್ತೀನಿ. ಮ್ಯಾಲ ನನ್ನ ಹೆಸರು, ತೆಳಗ ನಿಂದು."

"ಇವು ಬ್ಯಾನಿ ಇದ್ದಲ್ಲಿ ಇರ್ಲಿಲ್ರಿ. ಕಡೇಚೂರಾಗ ಇದ್ವು. ಲಸಿಕಿಯಿಂದ ಉಳದ್ವೋ, ದೂರ ಇದ್ದದ್ದಕ್ಕ ಉಳದ್ವೋ, ಯಾರಿಗೆ ಗೊತ್ರಿ?"

"ಕುರಿ ಸಾಕ್ಷಿ ಹೇಳ್ತಾವೇನೋ ಹುಚ್ಚಾ?"

ಅಯ್ಯಣ್ಣ ಬೇಲಿಯಾಚೆ ನಿಂತು ಕೇಳುತ್ತಿದ್ದ. ಮಲ್ಕಪ್ಪ ಒಮ್ಮೆ ಅತ್ತ ನೋಡಿದ. "ಕಡೇಚೂರಂತನ ಬರೀತೀನ್ರಿ."

ಸಾಹೇಬರು ನಕ್ಕರು. "ಬರಿ. ಬರದು ಸೋಮವಾರ ಬಾ. ಬಾಟ್ಲಿ ಭಾಳ ಕೂಡ್ಯಾವ." ಫೆಲೋಶಿಪ್ಪಿನಲ್ಲಿ ಮಲ್ಕಪ್ಪನಿಗೆ ಬಂದಿದ್ದ ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಜವಾನ ಎತ್ತಿ ಜೀಪಿಗಿಟ್ಟ.

ಜೀಪು ಹೋಯಿತು, ಧೂಳು ಅಡಗಿತು. ಅಯ್ಯಣ್ಣ ಕೈಯೊಳಗಿನ ಕೋಲನ್ನು ಮಗನ ಕೈಗೆ ಕೊಟ್ಟ.

"ಇವು ಅಕಿ ಪಾಲು ಅಂತ ರೇಣಮ್ಮನ ಮಾವಗ ಮಾತು ಕೊಟ್ಟೀನಿ. ಕಿವಿ ಕೊಯ್ದದ್ದು ಕೊಯ್ದಂಗ. ಕಡೇಚೂರಿಗೆ ಹೊಡಕೊಂಡು ಹೋಗು."

ಮಲ್ಕಪ್ಪ ಕುರಿಗಳನ್ನು ಹೊರಕ್ಕೆ ಬಿಟ್ಟ. ಹಾದಿಗೆ ಬಿದ್ದ ಮೇಲೆ ಹಿಂದಿನದೊಂದು ನಿಂತು, ಹಟ್ಟಿಯ ಕಡೆ ಮುಖ ತಿರುಗಿಸಿ ಒದರಿತು. ಒಳಗಿನಿಂದ ಯಾವುದೂ ಒದರಲಿಲ್ಲ. ಅದು ಮತ್ತೊಮ್ಮೆ ಒದರಿತು.